ಹಗ್ಗ ಎಳೆದವಳು

ಅರ್ಮಾಂದ್ ಗ್ರಿಮೋಗೆ ಈ ಭೂಮಿಯ ಮೇಲೆ ಯಾರ ಮೇಲೂ ನಂಬಿಕೆ ಇರಲಿಲ್ಲ. ಇದನ್ನು ಬೈಗುಳ ಅಂತ ತಿಳಿಯಬೇಡಿ, ಅದು ಅವಳ ಕಸುಬು. ಪ್ಯಾರಿಸ್ಸಿನ ಬೆಲ್‌ವಿಲ್ ದಿಬ್ಬದ ಮೇಲೆ ಆರು ಅಂತಸ್ತಿನ ಒಂದು ಹಳೇ ಕಟ್ಟಡಕ್ಕೆ ಅವಳು ಬಾಗಿಲು ಕಾಯುವವಳು. ಬಾಗಿಲ ಪಕ್ಕದ ಗೂಡಿನಂಥ ಕೋಣೆಯಲ್ಲಿ ಅವಳ ಮಂಚ, ಅವಳ ಒಲೆ, ಅವಳ ಬೆಕ್ಕು. ಗಾಜಿನ ಕದಕ್ಕೊಂದು ಪರದೆ. ಆ ಪರದೆಯ ಒಂದು ಮೂಲೆ ಸದಾ ಬೆರಳಿನಷ್ಟು ಸರಿದಿರುತ್ತಿತ್ತು. ಯಾರು ಬಂದರು, ಯಾರು ಹೋದರು, ಯಾರ ಬುಟ್ಟಿಯಲ್ಲಿ ಇವತ್ತು ಒಂದು ಸೀಸೆ ಜಾಸ್ತಿ, ಯಾವ ಹೆಂಗಸಿನ ಕಣ್ಣು ಊದಿದೆ, ಎಲ್ಲ ಅವಳಿಗೆ ಬೇಕು. ಗ್ಯಾಸಿನವನು ಬಂದರೆ ಟೋಪಿ ತೆಗೆಸಿ ಮುಖ ನೋಡುತ್ತಿದ್ದಳು. ಪಾದ್ರಿ ಬಂದರೂ ಕಾಲು ಒರೆಸಿಸಿ, ‘ಯಾವ ಮನೆಗೆ, ಯಾಕೆ?’ ಎಂದು ಕೇಳಿಯೇ ಒಳಗೆ ಬಿಡುತ್ತಿದ್ದುದು. ಅಂಚೆಯವನು ತಂದ ಕಾರ್ಡನ್ನು ಓದದೆ ಮೇಲಕ್ಕೆ ಕಳಿಸಿದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. “ಮುಚ್ಚದೆ ಕಳಿಸಿದ್ದು ಓದ್ಲಿ ಅಂತ್ಲೇ ಅಲ್ವಾ?” ಎಂಬುದು ಅವಳ ನ್ಯಾಯ. ಬೀದಿಯವರು ಅವಳಿಗೆ ಬಾಗಿಲಮ್ಮ ಎಂದು ಹೆಸರಿಟ್ಟಿದ್ದರು. ಎದುರಿಗೆ ಮದಾಂ ಗ್ರಿಮೋ, ಬೆನ್ನ ಹಿಂದೆ ಬಾಗಿಲಮ್ಮ.

ಅನುಮಾನ ಪಡುವವಳನ್ನು ಊರೂ ಸುಮ್ಮನೆ ಬಿಡುವುದಿಲ್ಲ. ಅರ್ಮಾಂದಳ ಮೇಲೆ ಮೂವತ್ತು ವರ್ಷದಿಂದ ಒಂದು ಮಾತು ಇತ್ತು. ಎದುರೆದುರು ಯಾರೂ ಆಡಿದ್ದಿಲ್ಲ. ಆದರೆ ಅವಳು ಬ್ರೆಡ್ಡಿನ ಅಂಗಡಿಗೆ ಕಾಲಿಟ್ಟ ಕೂಡಲೇ ಒಳಗಿನವರ ಬಾಯಿ ಮುಚ್ಚುತ್ತಿತ್ತಲ್ಲ, ಅದು ಅದೇ ಮಾತು.

ಮಾತಿನ ಬೇರು ಹೀಗಿದೆ. ರೆಜಾನ್ ವೊಕ್ಲೆರ್ ಎಂಬ ಹಾಡುಗಾರ್ತಿಯ ಹೆಸರೆತ್ತಿದರೆ ಆ ದಿಬ್ಬದ ಗಂಡಸರು ಟೋಪಿ ಮುಟ್ಟಿಕೊಳ್ಳುತ್ತಾರೆ, ಹೆಂಗಸರು ಮೂಗು ಒರೆಸಿಕೊಳ್ಳುತ್ತಾರೆ. ಕಟುಕನ ಅಂಗಡಿಯಲ್ಲಿ ಮೇರಿಮಾತೆಯ ಪಟದ ಪಕ್ಕಕ್ಕೇ ಅವಳ ಪಟ. ಕಟ್ಟಡಗಳ ಅಂಗಳದಲ್ಲಿ ನಿಂತು ಹಾಡಿ, ಕಿಟಕಿಗಳಿಂದ ಕಾಗದದಲ್ಲಿ ಸುತ್ತಿ ಎಸೆದ ಚಿಲ್ಲರೆ ಆರಿಸಿಕೊಂಡು ಬೆಳೆದ ಹುಡುಗಿ. ಆಮೇಲೆ ಇಡೀ ಫ್ರಾನ್ಸನ್ನೇ ಅಳಿಸಿದಳು. ಕುಡಿತ, ಸೂಜಿಮದ್ದು, ಬಿಟ್ಟುಹೋದ ಇಬ್ಬರು ಗಂಡಂದಿರು, ವೇದಿಕೆಯ ಮೇಲೆಯೇ ಕುಸಿದು ಬಿದ್ದದ್ದು, ಐವತ್ತು ತುಂಬುವ ಮೊದಲೇ ಸತ್ತದ್ದು. ಸಿಕ್ಕ ಬದುಕನ್ನು ತಾನೇ ಹಿಂಡಿ ಹಿಪ್ಪೆ ಮಾಡಿಕೊಂಡಳು ಮಹಾತಾಯಿ.

ಹೆಸರು ಬರುವ ಮುಂಚೆ, ಯುದ್ಧದ ಕಾಲದಲ್ಲಿ, ಅವಳು ಇದ್ದದ್ದು ಅರ್ಮಾಂದಳ ಕಟ್ಟಡದ ಮೂರನೇ ಮಹಡಿಯಲ್ಲಿ. ಅವಳಿಗೆ ರಾಗ ಕಟ್ಟಿಕೊಟ್ಟು, ಪಿಯಾನೋ ನುಡಿಸಿ, ಉಸಿರು ಹಿಡಿಯುವುದನ್ನು ಕಲಿಸಿದವನು ಸಿಮೋನ್ ಎಂಬ ಪೋಲೆಂಡಿನ ಯಹೂದಿ. ಜರ್ಮನರು ಊರೊಳಗೆ ಬಂದ ಮೇಲೆ ಸಿಮೋನ್ ದಕ್ಷಿಣಕ್ಕೆ ಓಡಿಹೋದ ಎಂದು ಸುದ್ದಿಯಾಯಿತು. ಅವನು ಎಲ್ಲಿಗೂ ಓಡಿರಲಿಲ್ಲ. ರೆಜಾನಳ ಕೋಣೆಯಲ್ಲಿ, ಬೀರುವಿನ ಹಿಂದೆ, ಒಂದು ಚಾಪೆಯಷ್ಟು ಜಾಗದಲ್ಲಿ ಕೂತು ರಾಗ ಕಟ್ಟುತ್ತಿದ್ದ. ಒಂದು ಬೆಳಿಗ್ಗೆ ಪೊಲೀಸರು ಬಂದರು. ಯಾರನ್ನೂ ಏನನ್ನೂ ಕೇಳದೆ ನೇರ ಮೂರನೇ ಮಹಡಿಗೆ ಹತ್ತಿ, ಕೋಣೆ ತಡಕಿ, ಬೀರು ಸರಿಸಿ ಅವನನ್ನು ಎಳೆದುಕೊಂಡು ಹೋದರು. ಅವನು ತಿರುಗಿ ಬರಲಿಲ್ಲ.

ಯಾರನ್ನೂ ಕೇಳಲಿಲ್ಲ ಅಂದ ಮೇಲೆ ಯಾರೋ ಮೊದಲೇ ಹೇಳಿರಬೇಕು. ಯಾರು? ಬಾಗಿಲು ಯಾರ ಕೈಯಲ್ಲಿದೆ? ಮೈಯೆಲ್ಲ ಕಣ್ಣು ಯಾರಿಗೆ? ಬೆಂಕಿಯಿಲ್ಲದೆ ಹೊಗೆಯಾಡೀತೇ? ಯುದ್ಧ ಮುಗಿದ ಮೇಲೆ ವಿಚಾರಣೆಗೆ ಬಂದವರು ಅರ್ಮಾಂದಳನ್ನು ಕುರ್ಚಿಯ ಮೇಲೆ ಕೂರಿಸಿ ಕೇಳಿದರು, ಸಾಕ್ಷಿ ಸಿಗದೆ ಬಿಟ್ಟರು. ಬೀದಿ ಬಿಡಲಿಲ್ಲ.

ಎಲ್ಲರಿಗಿಂತ ಹೆಚ್ಚು ಬಿಡದವಳು ಸಿಮೋನನ ಅಕ್ಕ ಫ್ರಾನ್ಯಾ. ಅದೇ ಕಟ್ಟಡದಲ್ಲಿ, ಅಂಗಳದಾಚೆಯ ಹಿಂಭಾಗದಲ್ಲಿ ಅವಳ ಮನೆ. ಗಂಡಸರ ಟೋಪಿ ಹೊಲಿಯುವುದು ಅವಳ ಕೆಲಸ. ಯುದ್ಧದಲ್ಲೂ ಅಲ್ಲೇ, ಯಾರದೋ ಹೆಸರಿನ ಸುಳ್ಳು ಗುರುತುಪತ್ರದ ಮೇಲೆ ಬದುಕಿ ಉಳಿದವಳು. ಸಂಜೆಯಾದರೆ ಅವಳ ಕಿಟಕಿಯಿಂದ ರೆಜಾನಳ ರೆಕಾರ್ಡು ಹಾಡುತ್ತಿತ್ತು. ಹೊಸ ಹಾಡುಗಳು ಅವಳಿಗೆ ಬೇಡ. ಹಳೆಯವು, ಸಿಮೋನ್ ರಾಗ ಕಟ್ಟಿದವು ಮಾತ್ರ. ಅರ್ಮಾಂದಳ ಜತೆ ‘ನಮಸ್ಕಾರ ಮದಾಂ’ ಬಿಟ್ಟರೆ ಅವಳು ಎರಡನೇ ಮಾತು ಆಡುತ್ತಿರಲಿಲ್ಲ. ತನ್ನ ಅಂಚೆಯನ್ನು ಅವಳ ಕೈಗೆ ಮುಟ್ಟಿಸುತ್ತಿರಲಿಲ್ಲ. ಮಳೆ ಬಂದರೂ ಬೀದಿಯಲ್ಲಿ ನಿಂತು ಅಂಚೆಯವನಿಗೆ ಕಾಯುತ್ತಿದ್ದಳು. ಅರ್ಮಾಂದ್ ಮೆಟ್ಟಿಲಿಗೆ ಮೇಣ ತಿಕ್ಕುತ್ತಿದ್ದರೆ, ಮುಗಿದು ಅವಳು ಇಳಿದುಹೋಗುವ ತನಕ ಮೇಲೆಯೇ ನಿಂತಿರುತ್ತಿದ್ದಳು. ಆ ನಿಂತ ಕಾಲುಗಳನ್ನು ಕಂಡಾಗೆಲ್ಲ ಅರ್ಮಾಂದ್ ತಿಕ್ಕಿದ ಮೆಟ್ಟಿಲನ್ನೇ ಮತ್ತೊಮ್ಮೆ ತಿಕ್ಕುತ್ತಿದ್ದಳು.

ಹೀಗಿರುವಾಗ, ಎಪ್ಪತ್ತನಾಲ್ಕರ ವಸಂತದಲ್ಲಿ, ಸಿನಿಮಾದವರು ಬಂದರು.

ಮೊದಲು ಗಾಜಿನ ಕದ ತಟ್ಟಿದವಳು ಸೋಲಾಂಜ್, ಕಥೆ ಬರೆಯುವವಳು. ತೆಳ್ಳಗಿನ ಹೆಂಗಸು, ಉದ್ದ ಕೋಟು, ಕೈಯಲ್ಲೊಂದು ಮಿಠಾಯಿ ಡಬ್ಬಿ. ಡಬ್ಬಿ ಕಂಡೇ ಅರ್ಮಾಂದಳಿಗೆ ಮೂಗು ನವೆಯಾಯಿತು.

“ಏನಮ್ಮಾ ಇದು? ಇವತ್ತು ನನ್ನ ಹುಟ್ಟಿದಬ್ಬ ಅಲ್ವಲ್ಲ.”

“ಸುಮ್ನೆ ತಂದೆ ಮದಾಂ. ರೆಜಾನ್ ವೊಕ್ಲೆರ್ ಅವರ ಜೀವನದ ಮೇಲೆ ಸಿನಿಮಾ ಮಾಡ್ತಿದೀವಿ. ಅವರ ವಿಷಯ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ ಹೇಳಿ?”

“ಸುಮ್ನೆ ಯಾರೂ ಏನೂ ತರಲ್ಲ. ಕಾಲು ಒರೆಸ್ಕೊಂಡು ಬನ್ನಿ.”

ಚಿಕೋರಿ ಬೆರೆಸಿದ ಕಾಫಿ ಕುಡಿಯುತ್ತ ಸೋಲಾಂಜ್ ಕೇಳಿದಳು, ಅರ್ಮಾಂದ್ ಹೇಳಿದಳು. ರೆಜಾನ್ ಒಲೆಯ ಮೇಲೆ ಸೂಪು ಇಟ್ಟು ಮರೆತು ಎಷ್ಟು ಪಾತ್ರೆ ಸುಟ್ಟಿದ್ದಳು, ಇಲಿ ಕಂಡರೆ ಹೇಗೆ ಮಂಚ ಹತ್ತುತ್ತಿದ್ದಳು, ಇರುವ ಒಂದೇ ಒಳ್ಳೆಯ ಲಂಗವನ್ನು ತೊಳೆದು ಒಣಗುವ ತನಕ ಕಂಬಳಿ ಸುತ್ತಿಕೊಂಡು ಹೇಗೆ ಹಾಡುತ್ತಿದ್ದಳು. ಹೇಳುತ್ತ ಹೇಳುತ್ತ ಅರ್ಮಾಂದ್ ಒಂದನ್ನು ಗಮನಿಸಿದಳು. ಸೂಪು, ಇಲಿ, ಲಂಗ ಬಂದಾಗ ಈ ಹೆಂಗಸು ತಲೆ ಆಡಿಸುತ್ತಾಳೆ. ಬಾಗಿಲು ಎಂಬ ಮಾತು ಬಂದಾಗ ಮಾತ್ರ ಮುಂದಕ್ಕೆ ಬಾಗುತ್ತಾಳೆ.

“ಪೊಲೀಸರು ಬಂದ ಬೆಳಿಗ್ಗೆ ನೀವು ಎಲ್ಲಿದ್ರಿ ಮದಾಂ?”

“ಇಲ್ಲೇ. ಇನ್ನೆಲ್ಲಿ? ಬಾಗಿಲನ್ನ ಹೆಗಲ ಮೇಲೆ ಹೊತ್ಕೊಂಡು ಪೇಟೆಗೆ ಹೋಗಿದ್ನಾ?”

“ಅವರು ನಿಮ್ಮನ್ನ ಏನೂ ಕೇಳ್ಲಿಲ್ವಾ?”

“ಕಾಫಿ ತಣ್ಣಗಾಯ್ತು, ಕುಡೀರಿ,” ಎಂದು ಅರ್ಮಾಂದ್ ಎದ್ದಳು. ಡಬ್ಬಿಯ ಮಿಠಾಯಿಯನ್ನು ಅವಳು ತಿನ್ನಲಿಲ್ಲ. ಬೆಕ್ಕೂ ಮೂಸಿ ಬಿಟ್ಟಿತು.

ಬೀದಿಗೆ ಮಾತ್ರ ಹಬ್ಬವೋ ಹಬ್ಬ. ತರಕಾರಿ ಮಾರುವ ಮದಾಂ ಪ್ಯುಜೋಲ್, ಸಿನಿಮಾದವರು ಅಂಗಡಿಯ ಮುಂದೆ ಹಾಯ್ದರೂ ಸಾಕು, ತಲೆಗೂದಲು ನೀವಿಕೊಳ್ಳುತ್ತಿದ್ದಳು. ಒಂದು ದಿನ ಗಜ್ಜರಿ ತೂಗುತ್ತ ಅವಳು ಅಂದಳು: “ನಿಮ್ಮನ್ನೂ ಸಿನಿಮಾದಲ್ಲಿ ಹಾಕ್ತಾರಂತಲ್ಲ ಮದಾಂ ಗ್ರಿಮೋ! ದೊಡ್ಡ ಮನುಷ್ಯರಾಗಿಬಿಟ್ರಿ ಬಿಡಿ.”

“ನನ್ನನ್ಯಾಕೆ ಹಾಕ್ತಾರೆ?”

“ಅಯ್ಯೋ, ನನಗೇನು ಗೊತ್ತು ತಾಯಿ? ನಾನು ಗಜ್ಜರಿ ಮಾರೋಳು.” ಹಾಲು ಕುಡಿದ ಬೆಕ್ಕಿನಂಥ ಮುಖ ಮಾಡಿ ತಕ್ಕಡಿ ಇಳಿಸಿದಳು.

ಆಮೇಲಿನ ವಾರ ಬಂದವಳು ಬೆರ್ತಿಲ್. ನಾಟಕ, ಸಿನಿಮಾಗಳಲ್ಲಿ ಜಗಳಗಂಟಿ ಅತ್ತೆ, ಗಡಂಗಿನ ಯಜಮಾನಿ ಇಂಥ ಪಾತ್ರ ಮಾಡುವ ದಪ್ಪ ಹೆಂಗಸು. ಮಾತಿಗೆ ಮುಂಚೆ ನಗು. ಸಿನಿಮಾದಲ್ಲಿ ಬಾಗಿಲು ಕಾಯುವವಳ ಪಾತ್ರ ತನ್ನದು, ಒಂದೆರಡು ಮಧ್ಯಾಹ್ನ ನಿಮ್ಮ ಜತೆ ಕೂತು ಹೋಗುತ್ತೇನೆ ಎಂದಳು. ಬೆಕ್ಕನ್ನು ತೊಡೆಯ ಮೇಲೆ ಹಾಕಿಕೊಂಡು ಕೂತೇಬಿಟ್ಟಳು. ಅರ್ಮಾಂದ್ ಕಸ ಗುಡಿಸಿದರೆ ಅವಳ ಕಣ್ಣು ಪೊರಕೆಯ ಹಿಂದೆ, ಪಾತ್ರೆ ತೊಳೆದರೆ ಕಣ್ಣು ಕೈಯ ಮೇಲೆ. ಒದ್ದೆ ಕೈಯನ್ನು ಮೊದಲು ಹಿಂಬದಿ, ಆಮೇಲೆ ಅಂಗೈ, ಹೀಗೆ ಸೊಂಟಕ್ಕೆ ಕಟ್ಟಿದ ಸೆರಗುಬಟ್ಟೆಗೆ ಎರಡು ಸಲ ಒರೆಸುವುದು ಅರ್ಮಾಂದಳ ಅಭ್ಯಾಸ. ಬೆರ್ತಿಲ್ ಕೂತಲ್ಲೇ ತನ್ನ ಕೈಯನ್ನು ಹಾಗೆ ಒರೆಸಿ ನೋಡಿಕೊಂಡಳು.

“ಏನ್ರೀ, ನನ್ನ ಅಳತೆ ತಗೋತಿದೀರಾ? ಶವಪೆಟ್ಟಿಗೆ ಮಾಡ್ಸೋಕಾ?”

“ಬಿಡ್ತು ಅನ್ನಿ! ಚೆನ್ನಾಗಿ ಮಾಡ್ಬೇಕಲ್ಲ ಮದಾಂ, ಅದಕ್ಕೆ.”

ಬೆರ್ತಿಲ್ ಕೆಟ್ಟವಳೇನಲ್ಲ. ಎರಡನೇ ದಿನ ಒಂದು ಸೀಸೆ ಕೆಂಪು ವೈನ್ ತಂದಳು. ಅರ್ಮಾಂದ್ ಬೇಡ ಬೇಡವೆನ್ನುತ್ತಲೇ ಲೋಟ ಮುಂದಿಟ್ಟಳು. ಅರ್ಧ ಸೀಸೆ ಮುಗಿಯುವ ಹೊತ್ತಿಗೆ ಬೆರ್ತಿಲಳ ನಾಲಿಗೆ ಸಡಿಲವಾಯಿತು.

“ಚಿಕ್ಕ ಪಾತ್ರ ಮದಾಂ, ಆದ್ರೆ ಜನ ಮರೆಯೋ ಹಾಗಿಲ್ಲ ನೋಡಿ. ಕಥೆ ಎಲ್ಲಾ ನನ್ನಿಂದ್ಲೇ ತಿರುಗೋದು. ನಾನೇ ಅಲ್ವಾ ಆ ಪಿಯಾನೋದವನನ್ನ ಹಿಡ್ಕೊಡೋದು!”

ಅರ್ಮಾಂದ್ ಲೋಟ ಕೆಳಗಿಟ್ಟಳು. “ಯಾರು ಹಿಡ್ಕೊಡೋದು?”

“ನಾನು. ಅಂದ್ರೆ, ನನ್ನ ಪಾತ್ರ…” ಬೆರ್ತಿಲಳಿಗೆ ಆಗ ತಾನು ಯಾರ ಮನೆಯಲ್ಲಿ ಕೂತಿದ್ದೇನೆ ಎಂಬುದು ಹೊಳೆಯಿತು. ಕೆಂಪಗಿದ್ದ ಮುಖ ಇನ್ನೂ ಕೆಂಪಗಾಯಿತು. “ನಿಮಗೆ ಹೇಳಿರ್ತಾರೆ ಅಂದ್ಕೊಂಡಿದ್ದೆ ನಾನು. ದೇವರಾಣೆ.”

ಅರ್ಮಾಂದ್ ಬೆಕ್ಕನ್ನು ಅವಳ ತೊಡೆಯಿಂದ ಎತ್ತಿಕೊಂಡು, ಕದ ತೆರೆದು ನಿಂತಳು. ಬೆರ್ತಿಲ್ ಸೀಸೆಯನ್ನು ಅಲ್ಲೇ ಬಿಟ್ಟು ಹೋದಳು.

ಸತ್ಯ ಏನೆಂದು ಲೋಕದಲ್ಲಿ ಅರ್ಮಾಂದಳೊಬ್ಬಳಿಗೇ ಗೊತ್ತಿತ್ತು. ಕಡೇ ಪಕ್ಷ ಅವಳು ಹಾಗೆಂದುಕೊಂಡಿದ್ದಳು.

ಆಗಿನ ಕಾಲದಲ್ಲಿ ರಾತ್ರಿಯಾದ ಮೇಲೆ ಕಟ್ಟಡಗಳ ದೊಡ್ಡ ಬಾಗಿಲಿಗೆ ಅಗುಳಿ ಬೀಳುತ್ತಿತ್ತು. ಬಾಡಿಗೆಯವರ ಕೈಗೆ ಬೀಗದಕೈ ಕೊಡುವ ಪದ್ಧತಿ ಇರಲಿಲ್ಲ. ಬಾಗಿಲು ಕಾಯುವವಳ ಮಂಚದ ತಲೆಬದಿಗೆ ಒಂದು ಹಗ್ಗ ಇಳಿಬಿದ್ದಿರುತ್ತಿತ್ತು. ಹೊರಗಿನಿಂದ ಗಂಟೆ ಬಾರಿಸಿದರೆ ಅವಳು ಮಲಗಿದಲ್ಲಿಂದಲೇ ಹಗ್ಗ ಎಳೆಯುವುದು, ಅಗುಳಿ ತೆರೆಯುವುದು. ಬಂದವರು ಒಳಗೆ ಕಾಲಿಡುತ್ತ ಗಟ್ಟಿಯಾಗಿ ತಮ್ಮ ಹೆಸರು ಕೂಗುವುದು. ಇಬ್ಬರು ಬಂದರೆ ಇಬ್ಬರ ಹೆಸರೂ. ಹೆಸರು ಕೂಗದೆ ಹೋದವನು ಕಳ್ಳ ಎಂದೇ ಲೆಕ್ಕ. ರೆಜಾನ್ ಮತ್ತು ಸಿಮೋನ್ ವರ್ಷಗಟ್ಟಲೆ ಹಾಡು ಮುಗಿಸಿ ಜತೆಯಲ್ಲಿ ಬಂದವರು. ಕೂಗುತ್ತಿದ್ದವಳು ಯಾವಾಗಲೂ ರೆಜಾನಳೇ, ಒಂದೇ ಉಸಿರಿಗೆ, ಪಲ್ಲವಿ ಎತ್ತಿಕೊಂಡ ಹಾಗೆ: “ವೊಕ್ಲೆರ್, ಸಿಮೋನ್!” ಅವನು ಬಚ್ಚಿಟ್ಟುಕೊಂಡ ಮೇಲೆ ‘ವೊಕ್ಲೆರ್’ ಎಂಬಲ್ಲಿಗೇ ನಿಲ್ಲಿಸುವುದನ್ನು ಅವಳು ಕಷ್ಟಪಟ್ಟು ಕಲಿತಿದ್ದಳು. ಒಂದು ರಾತ್ರಿ ಕುಡಿದು ಬಂದಳು. ಅವಳು ಹಾಡುತ್ತಿದ್ದ ಜಾಗದ ಗಿರಾಕಿಗಳು ಕೆಲವರು, ಜರ್ಮನರ ಜತೆ ಓಡಾಡುವವರು, ಕಾರಿನಲ್ಲಿ ತಂದು ಬಿಟ್ಟಿದ್ದರು; ಬಾಗಿಲಲ್ಲೇ ನಿಂತು ನಗುತ್ತಿದ್ದರು. ಅರ್ಮಾಂದ್ ಹಗ್ಗ ಎಳೆದಳು. ರೆಜಾನ್ ಒಳಗೆ ಕಾಲಿಟ್ಟು, ಹಳೇ ಅಭ್ಯಾಸದಂತೆ, ಅಂಗಳದವರೆಗೂ ಮೊಳಗುವ ಹಾಗೆ ಇಬ್ಬರ ಹೆಸರನ್ನೂ ಕೂಗಿದಳು. ನಗು ಒಮ್ಮೆಗೇ ನಿಂತಿತು. ಅದೇ ವಾರ ಪೊಲೀಸರು ಬಂದದ್ದು.

ಸಿಮೋನನನ್ನು ಕರೆದೊಯ್ದ ಮೇಲೆ ರೆಜಾನ್ ಬರಿಗಾಲಲ್ಲಿ ಇಳಿದು ಬಂದು ಅರ್ಮಾಂದಳ ತೋಳು ಹಿಡಿದುಕೊಂಡಳು. “ಅವತ್ತು ನಾನು ಏನಂತ ಕೂಗಿದೆ ಅಕ್ಕಾ? ನನಗೆ ನೆನಪಿಲ್ಲ. ಅವನ ಹೆಸರು ಕೂಗಿದ್ನಾ? ನಿಜ ಹೇಳು.” ಆ ಕಣ್ಣು ನೋಡಿದರೆ, ಹೌದು ಎಂದ ಕೂಡಲೇ ಈ ಹುಡುಗಿ ಮೂರನೇ ಮಹಡಿಯ ಕಿಟಕಿ ಹತ್ತುವುದರಲ್ಲಿ ಸಂಶಯವಿರಲಿಲ್ಲ. ಯಾರನ್ನೂ ನಂಬದ ಅರ್ಮಾಂದ್ ಅವತ್ತು ಒಂದು ಸುಳ್ಳು ಹೇಳಿದಳು. “ನಿನ್ನ ಹೆಸರಷ್ಟೇ ಕೂಗಿದೆ ಮಗಳೇ. ನಾನು ಎಚ್ಚರವಾಗೇ ಇದ್ದೆ.”

ರೆಜಾನ್ ಅದನ್ನು ನಂಬಿದಳೋ ಇಲ್ಲವೋ, ಅರ್ಮಾಂದಳಿಗೆ ಕೊನೆಯವರೆಗೂ ಅನುಮಾನ. ನಂಬಿದ್ದರೆ ಅಷ್ಟೊಂದು ಕುಡಿಯುತ್ತಿದ್ದಳೇ? ಆದರೆ ಆಡಿದ ಮಾತು ಆಡಿದ್ದೇ. ಬೀದಿ ತನ್ನನ್ನು ಕೆಕ್ಕರಿಸಿ ನೋಡಿದಾಗ ಬಾಯಿ ಬಿಡಲು ಆಗಲಿಲ್ಲ, ರೆಜಾನ್ ಬದುಕಿದ್ದಳು. ಅವಳು ಸತ್ತ ಮೇಲೂ ಆಗಲಿಲ್ಲ. ಯಾಕೆಂದರೆ ಪ್ರತಿ ಸಂಜೆ ಅಂಗಳದಾಚೆಯ ಕಿಟಕಿಯಿಂದ ಆ ಹಾಡು ಕೇಳುತ್ತಿತ್ತು. ತಮ್ಮನನ್ನು ಜೀವದ ಹಂಗು ತೊರೆದು ಬಚ್ಚಿಟ್ಟವಳು ಎಂದು ಫ್ರಾನ್ಯಾ ರೆಜಾನಳನ್ನು ದೇವರಂತೆ ನೆನೆಯುತ್ತಿದ್ದಳು. ಅದೊಂದನ್ನು ಕಿತ್ತುಕೊಂಡರೆ ಆ ಹೆಂಗಸಿಗೆ ಉಳಿಯುವುದಾದರೂ ಏನು?

ಆದರೆ ಈಗ ಹಾಗಲ್ಲ. ಬೀದಿಯ ಪಿಸುಮಾತು ಬೇರೆ, ಊರೂರಿನ ಪರದೆಯ ಮೇಲೆ ಗೋಡೆಯಷ್ಟು ದೊಡ್ಡದಾಗಿ ತೋರಿಸುವುದು ಬೇರೆ. ಸತ್ತ ಮೇಲೂ ತನ್ನನ್ನು ಜನ ಆ ಸಿನಿಮಾದ ಹೆಂಗಸು ಎಂದೇ ನೆನೆಯುತ್ತಾರೆ. ಅರ್ಮಾಂದ್ ಸೋಲಾಂಜಳಿಗೆ ಹೇಳಿಕಳಿಸಿದಳು. ಅವಳು ಬಂದಾಗ ಕಾಫಿ ಕೊಡಲಿಲ್ಲ.

“ನಾನು ಹಿಡ್ಕೊಟ್ಟೆ ಅಂತ ಯಾರ್ರೀ ನಿಮಗೆ ಹೇಳಿದ್ದು?”

“ಒಬ್ಬರಲ್ಲ ಮದಾಂ. ಯಾರನ್ನ ಕೇಳಿದ್ರೂ ಅದೇ ಹೇಳ್ತಾರೆ. ಸಿನಿಮಾದಲ್ಲಿ ನಿಮ್ಮ ಹೆಸರೇನೂ ಬರಲ್ಲ.”

“ಹೆಸರು ಬರಲ್ವಂತೆ! ಮುಖ ನಂದು, ಕೋಣೆ ನಂದು, ಕೈ ಒರೆಸ್ಕೊಳ್ಳೋದೂ ನಂದು. ಹೆಸರು ಮಾತ್ರ ಬೇಡ್ವಂತೆ. ಏನ್ ಉಪಕಾರ!”

ಸೋಲಾಂಜ್ ಮೆಲ್ಲಗೆ ಹೇಳಿದಳು. “ಯಾರೋ ಹೇಳಿರಲೇಬೇಕಲ್ಲ ಮದಾಂ. ನೀವಲ್ಲ ಅಂದ್ರೆ ಯಾರು? ನಿಮಗೆ ಗೊತ್ತಿದ್ರೆ ಹೇಳಿ. ಇನ್ನೂ ಚಿತ್ರೀಕರಣ ಶುರುವಾಗಿಲ್ಲ, ನಾನು ಖಂಡಿತ ಬದಲಾಯಿಸ್ತೀನಿ.”

ಅರ್ಮಾಂದ್ ಬಾಯಿ ತೆರೆದಳು. ಮೂವತ್ತು ವರ್ಷದ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ಅಷ್ಟರಲ್ಲಿ ಪರದೆಯ ಸಂದಿಯಿಂದ ಫ್ರಾನ್ಯಾ ಕಂಡಳು. ಟೋಪಿಗಳ ಗಂಟು ಹೊತ್ತು ಅಂಗಳ ದಾಟುತ್ತಿದ್ದಳು. ಸೊಂಟ ಬಗ್ಗಿತ್ತು, ತುಟಿ ಅಲುಗುತ್ತಿತ್ತು. ತನ್ನಷ್ಟಕ್ಕೆ ತಾನೇ ಏನೋ ಗುನುಗುತ್ತಿದ್ದಳು.

“ನನಗೆ ಗೊತ್ತಿಲ್ಲ,” ಎಂದಳು ಅರ್ಮಾಂದ್.

“ನಿಜವಾಗ್ಲೂ?”

“ಗೊತ್ತಿಲ್ಲ ಅಂದ್ನಲ್ಲ! ಹೋಗಿ, ನನಗೆ ಮೆಟ್ಟಿಲು ತೊಳೆಯೋದಿದೆ.”

ಸೋಲಾಂಜ್ ಹೋದ ಮೇಲೆ ಅವಳು ಮಂಚದ ಮೇಲೆ ಕೂತು ಅತ್ತಳು. ತನ್ನ ಪೆದ್ದತನಕ್ಕೆ ತಾನೇ ಬೈದುಕೊಂಡು ಅತ್ತಳು.

ಚಿತ್ರೀಕರಣ ಅವಳ ಬಾಗಿಲಲ್ಲೇ ನಡೆಯಿತು. ಅವಳನ್ನು ಬೀದಿಯಾಚೆ ಕಟ್ಟಿದ ಹಗ್ಗದ ಹಿಂದೆ ನಿಲ್ಲಿಸಿ, “ಅಡ್ಡ ಬರ್ಬೇಡಿ ಮದಾಂ,” ಎಂದರು. ಅವಳದೇ ಬಾಗಿಲಿಗೆ ಅವಳೇ ಅಡ್ಡ! ಬೆರ್ತಿಲ್ ಅವಳ ಕಡೆ ಒಮ್ಮೆಯೂ ನೋಡಲಿಲ್ಲ. ಫ್ರಾನ್ಯಾಳ ಕಿಟಕಿ ಅವತ್ತೆಲ್ಲ ಮುಚ್ಚಿತ್ತು.

ಶರತ್ಕಾಲಕ್ಕೆ ಸಿನಿಮಾ ಸಿದ್ಧವಾಯಿತು. ದಿಬ್ಬದ ಬುಡದಲ್ಲಿರುವ ಚಿತ್ರಮಂದಿರದಲ್ಲಿ ಭಾನುವಾರ ಮಧ್ಯಾಹ್ನ ಬೀದಿಯವರಿಗೆಂದೇ ಒಂದು ಪ್ರದರ್ಶನ ಇಟ್ಟುಕೊಂಡರು. ಅರ್ಮಾಂದ್ ಹೋಗಬೇಕೋ ಬೇಡವೋ ಎಂದು ವಾರವೆಲ್ಲ ಒದ್ದಾಡಿದಳು. ಹೋದರೆ ಎಲ್ಲರ ಕಣ್ಣು. ಹೋಗದಿದ್ದರೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಳು ಎಂದು ಮದಾಂ ಪ್ಯುಜೋಲ್ ಅಂಗಡಿಯಲ್ಲಿ ಕೂತು ಸಾರುತ್ತಾಳೆ. ಕೂದಲು ಬಾಚಿ, ಕಪ್ಪು ಕೋಟು ಹಾಕಿ, ಹೋಗಿ ನಡುಸಾಲಿನಲ್ಲಿ ಕೂತಳು. ಮಂದಿರ ತುಂಬುತ್ತ ಬಂತು. ಅವಳ ಎಡಕ್ಕೂ ಬಲಕ್ಕೂ ಕುರ್ಚಿ ಖಾಲಿಯೇ ಉಳಿಯಿತು. ದೀಪ ಆರುವ ಮುಂಚೆ ಫ್ರಾನ್ಯಾ ಬಂದಳು. ಸುತ್ತ ನೋಡಿದಳು. ಬಂದು ಅರ್ಮಾಂದಳ ಪಕ್ಕದಲ್ಲಿ ಕೂತಳು.

ಅರ್ಮಾಂದ್ ಕೋಟನ್ನು ಬಿಗಿಯಾಗಿ ಎಳೆದುಕೊಂಡಳು. ಇವಳು ಯಾಕೆ ಇಲ್ಲಿ ಕೂತಳು? ಆ ದೃಶ್ಯ ಬಂದಾಗ ನನ್ನ ಮುಖ ನೋಡುವುದಕ್ಕೆ. ಇನ್ನೇನಕ್ಕೆ? ಎದ್ದು ಹೋಗಿಬಿಡೋಣವೆಂದರೆ ದೀಪ ಆರಿತು.

ಸಿನಿಮಾ ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಅಂಗಳದಲ್ಲಿ ಹಾಡುವ ಪುಟ್ಟ ಹುಡುಗಿಯನ್ನು ನೋಡಿ ಜನ ನಕ್ಕರು, ಅತ್ತರು. ಸಿಮೋನ್ ಪಿಯಾನೋದ ಮುಂದೆ ಕೂತಾಗ ಫ್ರಾನ್ಯಾಳ ಉಸಿರು ಜೋರಾಯಿತು. ಆಮೇಲೆ ಅದು ಬಂತು. ಪರದೆಯ ತುಂಬ ಬೆರ್ತಿಲಳ ಮುಖ. ಮೆಟ್ಟಿಲ ಬಳಿ ಪೊಲೀಸನ ಕಿವಿಯಲ್ಲಿ ಪಿಸುಗುಟ್ಟಿ, ಅವನು ಕೊಟ್ಟ ನೋಟನ್ನು ಎದೆಗೆ ಸಿಕ್ಕಿಸಿಕೊಂಡು ನಕ್ಕು, ಸೆರಗುಬಟ್ಟೆಗೆ ಕೈ ಒರೆಸಿಕೊಂಡಳು. ಹಿಂಬದಿ ಒಮ್ಮೆ, ಅಂಗೈ ಒಮ್ಮೆ.

“ಥೂ!” ಎಂದಿತು ಮುಂದಿನ ಸಾಲು. ಸೀಟಿ ಬಿತ್ತು. ತಲೆಗಳು ಒಂದೊಂದಾಗಿ ನಡುಸಾಲಿನ ಕಡೆ ತಿರುಗಿದವು. ಕತ್ತಲಲ್ಲಿ ಯಾರೋ ಎಸೆದ ಕಿತ್ತಳೆ ಸಿಪ್ಪೆ ಅರ್ಮಾಂದಳ ಕೋಟಿಗೆ ಬಡಿಯಿತು. ಅವಳು ಅಲುಗಲಿಲ್ಲ. ಈ ಜನ್ಮದಲ್ಲಿ ಇನ್ನು ಬೀದಿಗೆ ಮುಖ ತೋರಿಸುವುದು ಮುಗಿಯಿತು ಎಂದುಕೊಂಡಳು.

ಫ್ರಾನ್ಯಾ ಎದ್ದು ನಿಂತಳು.

“ನಿಲ್ಸಿ ಇದನ್ನ!” ಅವಳ ದನಿ ಒಡೆದಿತ್ತು. “ನಾನು ಸಿಮೋನನ ಅಕ್ಕ. ಈ ಹೆಂಗಸು ಯಾರಿಗೂ ಏನೂ ಹೇಳಿಲ್ಲ. ಅವನ ಹೆಸರು ಕೂಗಿದ್ದು ರೆಜಾನ್. ಕುಡಿದಿದ್ದಳು. ಬಾಗಿಲಲ್ಲಿ, ಆ ಗಂಡಸರ ಎದುರಿಗೇ ಕೂಗಿದಳು. ನನ್ನ ಕಿಟಕಿ ತೆರೆದಿತ್ತು. ನನ್ನ ಎರಡೂ ಕಿವಿಯಿಂದ ಕೇಳಿದೀನಿ.”

ಗದ್ದಲವೆದ್ದಿತು.

“ಕೂತ್ಕೊಳ್ಳಮ್ಮಾ, ಕಾಣ್ತಿಲ್ಲ!”

“ಪಾಪ, ವಯಸ್ಸಾಯ್ತು. ಅರಳುಮರಳು.”

“ಸತ್ತವಳ ಮೇಲೆ ಯಾಕ್ರೀ ಕೆಸರು ಎರಚ್ತೀರಾ? ನಿಮ್ಮ ತಮ್ಮನಿಗೆ ಅನ್ನ ಹಾಕಿದವಳು ಅವಳು!”

“ಬಾಗಿಲಮ್ಮ ಏನೋ ಕಿವಿ ಊದಿದಾಳೆ, ಇನ್ನೇನು?” ಇದು ಮದಾಂ ಪ್ಯುಜೋಲಳ ದನಿ, ಕತ್ತಲಲ್ಲೂ ಗೊತ್ತಾಗುವಂಥದು.

ಅಷ್ಟರಲ್ಲಿ ಪರದೆಯ ಮೇಲೆ ಹಾಡು ಶುರುವಾಯಿತು. ಸಿಮೋನ್ ಕಟ್ಟಿದ ರಾಗ, ರೆಜಾನಳದೇ ಹಳೆಯ ಕಂಠ. ಜನ ಶ್ ಶ್ ಎನ್ನುತ್ತ ಪರದೆಯ ಕಡೆ ತಿರುಗಿದರು. ನೂರು ಜನರ ಮುಂದೆ ಸತ್ಯ ಹೇಳಿದರೂ ಒಬ್ಬನ ಕಿವಿಗೂ ಬೀಳಲಿಲ್ಲ. ಬೀದಿಗೆ ಹಾಡು ಬೇಕಿತ್ತು. ಹಾಡಿನವಳು ತಪ್ಪು ಮಾಡಬಾರದಿತ್ತು. ಅರ್ಮಾಂದ್ ಫ್ರಾನ್ಯಾಳ ತೋಳು ಹಿಡಿದು, ಕೂತವರ ಕಾಲುಗಳನ್ನು ದಾಟಿಸಿಕೊಂಡು ಹೊರಗೆ ಕರೆತಂದಳು.

ಹೊರಗೆ ಇನ್ನೂ ಬೆಳಕಿತ್ತು. ಇಬ್ಬರೂ ದಿಬ್ಬ ಹತ್ತತೊಡಗಿದರು. ಅರ್ಮಾಂದಳ ಮೈಯೆಲ್ಲ ಹಗುರವಾಗಿತ್ತು. ಯಾರೂ ನಂಬದಿದ್ದರೆ ಕತ್ತೆಬಾಲ, ಇವಳಿಗೆ ಗೊತ್ತಾಯಿತಲ್ಲ! ಪಕ್ಕದಲ್ಲಿ ಈ ಕೈ ಇದೆಯಲ್ಲ, ಅಷ್ಟು ಸಾಕು. ಸ್ವಲ್ಪ ದೂರ ಹೋದ ಮೇಲೆ ಅವಳ ಕಾಲು ತಾನಾಗಿ ನಿಧಾನವಾಯಿತು. ಅವಳ ಹಳೇ ಬುದ್ಧಿ ಎಚ್ಚರಗೊಂಡಿತ್ತು.

“ನಿಮ್ಮ ಕಿಟಕಿ ತೆರೆದಿತ್ತು ಅಂದ್ರಿ.”

“ಹೂಂ.”

“ಅವತ್ತು ರಾತ್ರೀನೇ ಕೇಳಿಸ್ಕೊಂಡಿದ್ರಿ.”

“ಹೂಂ.”

“ಅಂದ್ರೆ ನಿಮಗೆ ಮೊದಲಿಂದ್ಲೂ ಗೊತ್ತಿತ್ತು.”

ಅರ್ಮಾಂದ್ ನಿಂತುಬಿಟ್ಟಳು. ಇಷ್ಟು ವರ್ಷದಲ್ಲಿ ‘ನೀವು’ ಬಿಟ್ಟು ಮಾತಾಡದವಳ ಬಾಯಿಂದ ಈಗ ಬೇರೆಯೇ ಬಂತು.

“ಮತ್ತೆ ಯಾಕೇ? ಮೂವತ್ತು ವರ್ಷ! ನಾನು ಮೆಟ್ಟಿಲಲ್ಲಿದ್ರೆ ನೀನು ಇಳೀತಿರ್ಲಿಲ್ಲ. ನಾನು ಮುಟ್ಟಿದ್ದನ್ನ ನೀನು ಮುಟ್ತಿರ್ಲಿಲ್ಲ. ಊರೆಲ್ಲ ನಿನ್ನ ನೋಡೇ ನನ್ನನ್ನ ಉಗೀತು. ಗೊತ್ತಿದ್ದೂ ಗೊತ್ತಿದ್ದೂ ಯಾಕೇ ಹೀಗ್ಮಾಡ್ದೆ?”

“ನೀನು ಕೈಗೆ ಸಿಗ್ತಿದ್ದೆ,” ಎಂದಳು ಫ್ರಾನ್ಯಾ. “ಬೆಳಗಾದ್ರೆ ಎದುರಿಗೆ ಇರ್ತಿದ್ದೆ. ಯಾರನ್ನಾದ್ರೂ ದ್ವೇಷಿಸ್ಬೇಕಿತ್ತಲ್ಲ ನಾನು? ಅವಳನ್ನ ದ್ವೇಷಿಸಿದ್ರೆ ಆ ದನಿ ಕೇಳೋಕಾಗ್ತಿರ್ಲಿಲ್ಲ. ಸಿಮೋನ್ ಅಂತ ನನಗೆ ಉಳಿದಿರೋದು ಆ ದನಿಯಲ್ಲಿ ಮಾತ್ರ. ಅವನಿಗೊಂದು ಗೋರಿ ಕೂಡ ಇಲ್ಲ.” ಅವಳು ಗೋಡೆಗೆ ಕೈ ಊರಿದಳು. “ಇವತ್ತು ಆ ಹೆಂಗಸು ನೋಟು ಸಿಕ್ಕಿಸ್ಕೊಂಡು ನಗ್ತಾಳಲ್ಲ, ಮೂವತ್ತು ವರ್ಷ ನನ್ನ ತಲೇಲಿ ಓಡಿದ್ದೂ ಅದೇ ಚಿತ್ರ. ನಾನೇ ಕಟ್ಟಿದ್ದು. ಅಷ್ಟು ದೊಡ್ಡದಾಗಿ ನೋಡಿದಾಗ ನನಗೇ ಹೇಸಿಗೆ ಆಯ್ತು.”

ಅರ್ಮಾಂದಳಿಗೆ ಅವಳ ಕೆನ್ನೆಗೆ ಹೊಡೆಯಬೇಕೆನ್ನಿಸಿತು. ಕೈ ಮೇಲೇರಿತ್ತು ಕೂಡ. ಇವಳ ಹಾಡು ಉಳಿಯಲೆಂದು ತಾನು ಬಾಯಿ ಮುಚ್ಚಿಕೊಂಡದ್ದು. ಅದೇ ಹಾಡು ಉಳಿಯಲೆಂದು ಇವಳು ಅರ್ಮಾಂದಳ ಬದುಕನ್ನೇ ಅರೆದಳು. ಹೊಡೆಯಲಿಲ್ಲ. ತೋಳು ಬಿಟ್ಟು, ತಿರುಗಿ ನೋಡದೆ ಬಿರಬಿರನೆ ಏರು ಹತ್ತಿದಳು. ಇದನ್ನು ಹೊಟ್ಟೆಗೆ ಹಾಕಿಕೊಳ್ಳುವುದು ಈ ಜನ್ಮದಲ್ಲಿ ಸಾಧ್ಯವಿಲ್ಲ ಎಂದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು, ಈಗಲೂ ಗೊತ್ತಿದೆ.

ತಿರುವಿನಲ್ಲಿ ಕಲ್ಲುಹಾಸು ಜಾರುತ್ತಿತ್ತು. ಹಿಂದೆ ಆ ಮುದುಕಿಯ ಏದುಸಿರು ಕೇಳುತ್ತಿತ್ತು. ಒಂದು ಹೆಜ್ಜೆ, ಒಂದು ನಿಲುಗಡೆ, ಇನ್ನೊಂದು ಹೆಜ್ಜೆ. ಅರ್ಮಾಂದ್ ಹಲ್ಲು ಕಚ್ಚಿ ನಿಂತಳು. ಇಳಿದು ಬಂದು ಅವಳ ಕಂಕುಳಿಗೆ ಕೈ ಕೊಟ್ಟು ಎತ್ತಿದಳು.

“ನಡಿ. ಬಿದ್ದು ಸೊಂಟ ಮುರ್ಕೊಂಡ್ರೆ ಅದನ್ನೂ ನಾನೇ ಮಾಡಿದ್ದು ಅಂತಾರೆ. ಆದ್ರೆ ಒಂದು ಮಾತೂ ಆಡ್ಬೇಡ ನನ್ನ ಜತೆ.”

ಫ್ರಾನ್ಯಾ ಆಡಲಿಲ್ಲ. ಇಬ್ಬರೂ ಏರು ಹತ್ತಿದರು.